ಮಕ್ಕಳ ಗ್ರಾಮಸಭೆಗೆ ಬರೋ ಮಕ್ಕಳಿಗೆ, ಅಲ್ಲಿ ಕೂತು ಕೇಳೋ ಪಂಚಾಯಿತಿಯವರಿಗೆ: ಊರಿನ ಬಾವಲಿ ಮರದ ಬಗ್ಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಮಕ್ಕಳೇ, ಮಾನ್ಯ ಅಧ್ಯಕ್ಷರೇ, ಸದಸ್ಯರೇ, ಪಿಡಿಒ ಅವರೇ,

ಎಲ್ಲರಿಗೂ ನಮಸ್ಕಾರ. ಮಕ್ಕಳ ಗ್ರಾಮಸಭೆ ಅಂದ್ರೆ ಸಾಮಾನ್ಯವಾಗಿ ಏನೇನು ಬರತ್ತೆ ಅಂತ ನನಗೆ ಗೊತ್ತು, ಶಾಲೆ ಕಾಂಪೌಂಡು ಬಿದ್ದುಹೋಗಿದೆ, ಶೌಚಾಲಯಕ್ಕೆ ನೀರಿಲ್ಲ, ಬೆಳಗ್ಗೆ ಬಸ್ಸು ಟೈಮಿಗೆ ಬರಲ್ಲ, ಆಟದ ಮೈದಾನ ಒತ್ತುವರಿ ಆಗಿದೆ, ಎಲ್ಲಾ ಕೇಳಲೇಬೇಕಾದ ಪ್ರಶ್ನೆಗಳೇ. ಈ ಸಲ ಅದರ ಜೊತೆ ಇನ್ನೊಂದನ್ನ ಸೇರಿಸಿ ಅಂತ ಕೇಳ್ಕೊಳ್ಳೋಕೆ ಈ ಪತ್ರ ಬರೀತಿದೀನಿ. ನಿಮ್ಮೂರ ಕೆರೆ ಏರಿ ಮೇಲೋ, ದೇವಸ್ಥಾನದ ಹಿಂದೋ, ಹಳೇ ಪ್ರವಾಸಿ ಮಂದಿರದ ಕಾಂಪೌಂಡಲ್ಲೋ ಬಾವಲಿಗಳು ನೇತಾಡೋ ಒಂದು ದೊಡ್ಡ ಮರ ಇದ್ಯಾ? ಇದ್ರೆ ಅದನ್ನ ಯಾವ ಕಾರಣಕ್ಕೂ ಕಡಿಯಲ್ಲ ಅಂತ ನಿಮ್ಮ ಪಂಚಾಯಿತಿಯಿಂದ ಬರಹದಲ್ಲಿ ಪಡ್ಕೊಳ್ಳಿ.

ಯಾಕೆ ಈಗ ಅಂದ್ರೆ, ಕೇರಳದಲ್ಲಿ ಬಾವಲಿಯಿಂದ ಬರೋ ನಿಫಾ ಕಾಯಿಲೆ ಅಂತ ಟಿವಿಲಿ ಸುದ್ದಿ ಬಂದ ಪ್ರತಿ ಸಲಾನೂ ನಮ್ಮ ಕಡೆ ಊರೂರಲ್ಲಿ ಒಂದು ಅರ್ಜಿ ರೆಡಿಯಾಗತ್ತೆ, "ಬಾವಲಿ ಮರ ಕಡಿಸಿ ಸಾರ್ವಜನಿಕರ ಆರೋಗ್ಯ ಕಾಪಾಡಿ" ಅಂತ, ಅದಕ್ಕೆ ಹತ್ತಾರು ಜನ ಸಹಿ ಹಾಕ್ತಾರೆ, ಯಾರೋ ಪಟಾಕಿ ಹಚ್ಚಿ ಓಡಿಸ್ತಾರೆ, ಇನ್ಯಾರೋ ಬುಡಕ್ಕೆ ಟೈರು ಸುಟ್ಟು ಹೊಗೆ ಹಾಕ್ತಾರೆ. ಕೊರೋನಾ ಟೈಮಲ್ಲೂ ಇದೇ ನಡೀತು. ಅರ್ಜಿ ಹಾಕೋರ ಭಯ ಸುಳ್ಳಲ್ಲ, ಆದ್ರೆ ಆ ಪ್ರಾಣಿ ಹೇಗೆ ಬದುಕತ್ತೆ ಅಂತ ಕೂತು ಕೇಳಿಸ್ಕೊಂಡಿರೋರು ಅವರಲ್ಲಿ ತುಂಬಾ ಕಡಿಮೆ. ಅದಕ್ಕೇ ಸ್ವಲ್ಪ ಉದ್ದ ಆದ್ರೂ ಪರವಾಗಿಲ್ಲ ಅಂತ ಎಲ್ಲಾ ಹೇಳಿಬಿಡ್ತೀನಿ.

ಮೊದಲು ಒಂದು ಮಧ್ಯಾಹ್ನ ಆ ಮರದಿಂದ ಸ್ವಲ್ಪ ದೂರ ನಿಂತು ನೋಡಿ, ಬುಡದಲ್ಲಿ ಬೇಡ, ತಲೆ ಮೇಲೆ ಹಿಕ್ಕೆ ಬೀಳತ್ತೆ. ಹಗಲು ಹೊತ್ತು ಬಾವಲಿ ಸುಮ್ನೆ ನಿದ್ದೆ ಮಾಡತ್ತೆ ಅಂತ ನಾವು ಅನ್ಕೊಂಡಿರ್ತೀವಿ, ನೋಡಿದ್ರೆ ಅಲ್ಲಿ ಸಂತೆ ನಡೀತಿರತ್ತೆ. ಒಂದು ಇನ್ನೊಂದರ ಕೊಂಬೆಗೆ ಬಂತು ಅಂತ ಜಗಳ, ಕಿರುಚಾಟ. ಬಿಸಿಲು ಏರ್ತಿದ್ದ ಹಾಗೆ ಒಂದೊಂದೂ ಒಂದು ರೆಕ್ಕೆ ಬಿಚ್ಚಿ ನಿಧಾನಕ್ಕೆ ಗಾಳಿ ಬೀಸ್ಕೊಳ್ಳೋಕೆ ಶುರು ಮಾಡ್ತವೆ, ಇನ್ನೂ ಸೆಕೆ ಆದ್ರೆ ಎದೆ ರೆಕ್ಕೆ ಎಲ್ಲಾ ನೆಕ್ಕಿ ನೆಕ್ಕಿ ಎಂಜಲಲ್ಲಿ ಒದ್ದೆ ಮಾಡ್ಕೊಳ್ತವೆ, ನಮಗೆ ಬೆವರು ಮಾಡೋ ಕೆಲಸವನ್ನ ಅವಕ್ಕೆ ಎಂಜಲು ಮಾಡತ್ತೆ. ಉಚ್ಚೆ ಬಂದಾಗ ಏನ್ ಮಾಡ್ತವೆ ಅನ್ನೋದು ಮಕ್ಕಳೆಲ್ಲಾ ಕೇಳೋ ಪ್ರಶ್ನೆ. ರೆಕ್ಕೆ ಮಡಚೋ ಮುಂಗೈ ಹತ್ರ ಉಗುರಿರೋ ಹೆಬ್ಬೆರಳು ಇದೆ ನೋಡಿ, ಅದನ್ನ ಕೊಂಬೆಗೆ ಸಿಕ್ಕಿಸಿ ತಲೆ ಮೇಲೆ ಮಾಡಿ ತಿರುಗಿ ನೇತಾಡ್ತವೆ, ಕೆಲಸ ಮುಗಿದ ಮೇಲೆ ಮತ್ತೆ ತಲೆಕೆಳಗೆ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಒಂದೊಂದೇ ಹೊರಡ್ತವೆ, ಬೇಸಿಗೆಯಲ್ಲಾದ್ರೆ ಎಷ್ಟೋ ಬಾವಲಿ ಮೊದಲು ಕೆರೆ ಕಡೆ ಹೋಗಿ ಹಾರ್ತಾ ಹಾರ್ತಾನೇ ಹೊಟ್ಟೆಯನ್ನ ನೀರಿಗೆ ತಾಗಿಸಿ ಹೋಗ್ತವೆ, ಆಮೇಲೆ ಎಲ್ಲೋ ಕೂತು ಆ ಒದ್ದೆ ಕೂದಲನ್ನ ನೆಕ್ಕಿ ನೀರು ಕುಡೀತವೆ. ಕೆರೆ ಏರಿ ಮರಗಳೇ ಅವಕ್ಕೆ ಯಾಕೆ ಇಷ್ಟ ಅಂತ ಈಗ ಅರ್ಥ ಆಯ್ತಲ್ಲ.

ಇದು ನಮ್ಮ ದೊಡ್ಡ ಹಣ್ಣುಬಾವಲಿ. ರೆಕ್ಕೆ ಪೂರ್ತಿ ಬಿಚ್ಚಿದ್ರೆ ಈ ತುದಿಯಿಂದ ಆ ತುದಿಗೆ ನಾಲ್ಕು ಅಡಿ ಮೇಲೇ ಬರತ್ತೆ, ತೂಕ ಒಂದೂವರೆ ಕೆಜಿವರೆಗೂ ಇರತ್ತೆ. ರಂಗನತಿಟ್ಟಿಗೆ ಟೂರ್ ಹೋದವರು ದೋಣಿಯಿಂದ ಕೊಕ್ಕರೆ ಮೊಸಳೆ ನೋಡೋವಾಗ ಮರದ ತುಂಬಾ ಕಪ್ಪಗೆ ನೇತಾಡ್ತಿದ್ದವಲ್ಲ, ಇವೇ ಅವು. ಆದ್ರೆ ಬಾವಲಿ ಅಂದ್ರೆ ಇದೊಂದೇ ಅಲ್ಲ. ಪ್ರಪಂಚದಲ್ಲಿ 1,400ಕ್ಕೂ ಹೆಚ್ಚು ಜಾತಿ ಬಾವಲಿಗಳಿವೆ, ಹಾಲು ಕುಡಿಸಿ ಮರಿ ಸಾಕೋ ಪ್ರಾಣಿಗಳ ಐದು ಜಾತಿ ತಗೊಂಡ್ರೆ ಅದರಲ್ಲಿ ಒಂದು ಬಾವಲಿ. ಭಾರತದಲ್ಲೇ ಸುಮಾರು 130 ಜಾತಿ ಇವೆ. ಸಂಜೆ ಬೀದಿ ಲೈಟ್ ಸುತ್ತ ಗಿರಿಗಿರಿ ತಿರುಗೋ ಪುಟಾಣಿಗಳನ್ನ ಗುಬ್ಬಿಯೋ ಚಿಟ್ಟೆಯೋ ಅನ್ಕೊಂಡಿರ್ತೀವಿ, ಹೆಚ್ಚಿನವು ಬಾವಲಿಗಳೇ, ಅವುಗಳಲ್ಲಿ ಕೆಲವು ಐದು ಗ್ರಾಂ ಕೂಡ ತೂಗಲ್ಲ. ಮನೆ ಪೋರ್ಟಿಕೋದಲ್ಲಿ ಬೆಳಗ್ಗೆ ಎದ್ದು ನೋಡಿದ್ರೆ ನೆಲದ ತುಂಬಾ ಅಶೋಕ ಮರದ ಬೀಜ ಬಿದ್ದಿರತ್ತಲ್ಲ, ಗೋಡೆ ಮೇಲೆಲ್ಲಾ ಸಿಡಿದ ಕಲೆ ಇರತ್ತಲ್ಲ, ಅದು ಇನ್ನೊಂದು ಜಾತಿ, ಮೋಟುಮೂಗಿನ ಹಣ್ಣುಬಾವಲಿ. ಹಣ್ಣನ್ನ ಮರದಲ್ಲೇ ತಿನ್ನೋದು ಬಿಟ್ಟು ಬಾಯಲ್ಲಿ ಕಚ್ಚಿ ತಂದು ನಿಮ್ಮ ಸೂರಿನ ಕೆಳಗೆ ನೇತಾಡ್ಕೊಂಡು ತಿಂದು ಬೀಜ ಉದುರಿಸಿ ಹೋಗಿರತ್ತೆ. ಅಮ್ಮಂದಿರಿಗೆ ಗುಡಿಸೋ ಕೆಲಸ ಜಾಸ್ತಿ, ಒಪ್ತೀನಿ.

ಇವು ಹಕ್ಕಿ ಅಲ್ಲ. ಮರಿ ಹಾಕ್ತವೆ, ಹಾಲು ಕೊಡ್ತವೆ, ಮೈ ತುಂಬಾ ಕೂದಲು. ಅಳಿಲು ಜಾತಿಯ ಒಂದಿಷ್ಟು ಪ್ರಾಣಿಗಳು ಮರದಿಂದ ಮರಕ್ಕೆ ತೇಲ್ತವೆ ನಿಜ, ಆದ್ರೆ ರೆಕ್ಕೆ ಬಡಿದು ನಿಜವಾಗಿ ಹಾರೋ ಸಸ್ತನಿ ಅಂದ್ರೆ ಬಾವಲಿ ಒಂದೇ. ಆ ರೆಕ್ಕೆ ಬೇರೆ ಏನಲ್ಲ, ಅದರ ಕೈಯೇ. ನಿಮ್ಮ ಕೈ ಅಗಲಿಸಿ ನೋಡಿ, ನಾಲ್ಕು ಬೆರಳು ನಿಮ್ಮ ಮೈಯಷ್ಟೇ ಉದ್ದ ಆಗಿ, ಕೊಡೆ ಕಡ್ಡಿಗಳ ಮಧ್ಯೆ ಬಟ್ಟೆ ಇರೋ ಹಾಗೆ ಆ ಬೆರಳುಗಳ ಮಧ್ಯೆ ತೆಳು ಚರ್ಮ ಇದ್ರೆ ಅದೇ ಬಾವಲಿ ರೆಕ್ಕೆ. ಇಡೀ ದಿನ ನೇತಾಡಿದ್ರೂ ಕಾಲು ನೋಯಲ್ವಾ ಅಂದ್ರೆ ಇಲ್ಲ, ಮೈ ಭಾರ ಕೆಳಗೆ ಎಳೆದಾಗ ಕಾಲಿನ ಸ್ನಾಯುರಜ್ಜು ತಾನೇ ಬಿಗಿದು ಬೆರಳುಗಳು ಲಾಕ್ ಆಗಿಬಿಡ್ತವೆ, ಹಿಡ್ಕೊಳ್ಳೋಕೆ ಅದು ಶಕ್ತಿ ಖರ್ಚು ಮಾಡಲ್ಲ, ಬಿಡೋಕೆ ಮಾತ್ರ ಮಾಡತ್ತೆ. ಸತ್ತ ಬಾವಲಿ ಕೂಡ ಎಷ್ಟೋ ಸಲ ನೇತಾಡ್ತಾನೇ ಇರೋದು ಇದಕ್ಕೇ.

ಈಗ ನಾನು ಈ ಪತ್ರದಲ್ಲಿ ಹೇಳಲೇಬೇಕಾಗಿರೋ ಮಾತು. ದೊಡ್ಡ ಹಣ್ಣುಬಾವಲಿ ವರ್ಷಕ್ಕೆ ಹಾಕೋದು ಸಾಮಾನ್ಯವಾಗಿ ಒಂದೇ ಮರಿ. ಇಲಿ ಒಂದು ಸಲಕ್ಕೆ ಏಳೆಂಟು ಹಾಕತ್ತೆ, ವರ್ಷದಲ್ಲಿ ಎಷ್ಟೋ ಸಲ ಹಾಕತ್ತೆ, ಅದಕ್ಕೆ ಎಷ್ಟು ಹಿಡಿದ್ರೂ ಇಲಿ ಮುಗಿಯಲ್ಲ. ಬಾವಲಿ ಹಾಗಲ್ಲ, ಸುಮಾರು ಐದು ತಿಂಗಳು ಹೊತ್ತು ಒಂದು ಮರಿ ಹೆರತ್ತೆ, ಆ ಮರಿ ಮೊದಲ ಕೆಲವು ವಾರ ತಾಯಿ ಎದೆಗೆ ಅಂಟ್ಕೊಂಡೇ ಇರತ್ತೆ, ತಾಯಿ ರಾತ್ರಿ ಹಣ್ಣು ಹುಡುಕ್ಕೊಂಡು ಹಾರೋವಾಗಲೂ ಅದನ್ನ ಹೊತ್ತುಕೊಂಡೇ ಹೋಗತ್ತೆ. ಸ್ವಲ್ಪ ಭಾರ ಆದ ಮೇಲೆ ಮರದಲ್ಲೇ ಬಿಟ್ಟು ಹೋಗಿ ವಾಪಸ್ ಬಂದು ಹಾಲು ಕೊಡತ್ತೆ. ಆ ಟೈಮಲ್ಲಿ ನೀವು ಮರದ ಕೆಳಗೆ ಒಂದು ಸರಪಟಾಕಿ ಹಚ್ಚಿದ್ರೆ ಏನಾಗತ್ತೆ ಯೋಚನೆ ಮಾಡಿ, ದೊಡ್ಡವು ಗಾಬರಿಯಾಗಿ ಹಾರ್ತವೆ, ಮರಿಗಳು ಕೈಜಾರಿ ಕೆಳಗೆ ಬೀಳ್ತವೆ, ಬಿದ್ದಿದ್ದು ನೆಲದಿಂದ ಮೇಲೇಳೋಕಾಗಲ್ಲ, ನಾಯಿ ಕಾಗೆ ಪಾಲು. ಆ ಮರದ ಆ ವರ್ಷದ ಸಂತಾನ ಅಷ್ಟಕ್ಕೇ ಮುಗೀತು. ಅದಕ್ಕೇ ನಾನು ಬಾವಲಿ ಉಳಿಸಿ ಅಂತ ಸುಮ್ನೆ ಹೇಳ್ತಿಲ್ಲ, ಮರ ಉಳಿಸಿ ಅಂತಿದೀನಿ. ತಲೆತಲಾಂತರ ಅದೇ ಮರಕ್ಕೆ ವಾಪಸ್ ಬರೋ ಪ್ರಾಣಿ ಅದು, ಮರ ಹೋಯ್ತು ಅಂದ್ರೆ ಇನ್ನೊಂದು ಅಷ್ಟು ದೊಡ್ಡ ಮರ ಆಗೋಕೆ ನಿಮ್ಮ ಮೊಮ್ಮಕ್ಕಳ ಕಾಲ ಬರಬೇಕು.

ಹುಳ ತಿನ್ನೋ ಸಣ್ಣ ಬಾವಲಿಗಳ ಕತೆ ಬೇರೆ ಥರ ಇದೆ. ಬಾವಲಿಗೆ ಕಣ್ಣು ಕಾಣಲ್ಲ ಅನ್ನೋದು ಸುಳ್ಳು, ಎಲ್ಲಾ ಬಾವಲಿಗಳಿಗೂ ಕಣ್ಣು ಕಾಣತ್ತೆ, ದೊಡ್ಡ ಹಣ್ಣುಬಾವಲಿಯಂತೂ ಕಣ್ಣು ಮತ್ತು ಮೂಗಿನ ಮೇಲೇ ಬದುಕತ್ತೆ. ಸಣ್ಣವು ಮಾತ್ರ ಕತ್ತಲಲ್ಲಿ ಕೂಗಿ, ಆ ಕೂಗು ಹುಳಕ್ಕೆ ಬಡಿದು ವಾಪಸ್ ಬರೋ ಪ್ರತಿಧ್ವನಿ ಕೇಳಿ, ಹುಳ ಎಲ್ಲಿದೆ, ಎಷ್ಟು ದಪ್ಪ, ಯಾವ ಕಡೆ ಹೋಗ್ತಿದೆ ಎಲ್ಲಾ ಲೆಕ್ಕ ಹಾಕ್ತವೆ. ಇದು ಗೊತ್ತಾಗೋಕೆ ಮನುಷ್ಯರಿಗೆ ಎಷ್ಟು ವರ್ಷ ಹಿಡೀತು ಗೊತ್ತಾ? ಇಟಲಿಯ ಸ್ಪಲ್ಲಾಂಜಾನಿ ಅನ್ನೋ ವಿಜ್ಞಾನಿ 1793ರ ಸುಮಾರಿಗೆ ನೋಡಿದ್ರು, ಪೂರ್ತಿ ಕತ್ತಲಲ್ಲಿ ಗೂಬೆ ಡಿಕ್ಕಿ ಹೊಡೆಯತ್ತೆ, ಆದ್ರೆ ಬಾವಲಿ ಕಣ್ಣು ಮುಚ್ಚಿದ್ರೂ ಎಲ್ಲೂ ತಾಗದೆ ಹಾರತ್ತೆ. ಜಿನೀವಾದ ಜುರೀನ್ ಅನ್ನೋರು ಕಿವಿ ಮುಚ್ಚಿ ನೋಡಿದ್ರು, ಬಾವಲಿ ಗೋಡೆಗೆಲ್ಲಾ ಹೊಡ್ಕೊಳ್ತು. ಅಂದ್ರೆ ಕಿವಿಯಿಂದಲೇ ಏನೋ ಮಾಡತ್ತೆ ಅಂತಾಯ್ತು, ಆದ್ರೆ ಶಬ್ದ ಮಾತ್ರ ಯಾರಿಗೂ ಕೇಳ್ತಿರಲಿಲ್ಲ, ಹಾಗಾಗಿ ಜನ ನಂಬಲೇ ಇಲ್ಲ. 1938ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಡೊನಾಲ್ಡ್ ಗ್ರಿಫಿನ್ ಅನ್ನೋ ವಿದ್ಯಾರ್ಥಿ ಭೌತಶಾಸ್ತ್ರದ ಮೇಷ್ಟ್ರ ಹತ್ರ ಇದ್ದ, ನಮ್ಮ ಕಿವಿಗೆ ಕೇಳದ ಶಬ್ದ ಹಿಡಿಯೋ ಒಂದು ಯಂತ್ರದ ಮುಂದೆ ಬಾವಲಿ ತಗೊಂಡು ಹೋದಾಗ ಗುಟ್ಟು ರಟ್ಟಾಯ್ತು. ನಮ್ಮ ಕಿವಿಗೆ ಕೇಳೋದು ಹೆಚ್ಚಂದ್ರೆ 20 ಕಿಲೋಹರ್ಟ್ಸ್‌ವರೆಗೆ, ಎಷ್ಟೋ ಬಾವಲಿಗಳು ಕೂಗೋದು ಅದಕ್ಕಿಂತ ಎಷ್ಟೋ ಮೇಲೆ. ಹುಳ ಇನ್ನೇನು ಬಾಯಿಗೆ ಸಿಗಬೇಕು ಅನ್ನೋವಾಗ ಕೆಲವು ಒಂದು ಸೆಕೆಂಡಿಗೆ ಇನ್ನೂರರ ಹತ್ತಿರ ಕೂಗು ಹಾಕ್ತವೆ. ವಿದ್ಯಾರ್ಥಿಯಾಗಿದ್ದಾಗಲೇ ಕಂಡುಹಿಡಿದಿದ್ದು ಅದು, ನೆನಪಿಟ್ಕೊಳ್ಳಿ ಮಕ್ಕಳೇ.

ಇಷ್ಟೆಲ್ಲಾ ಕಷ್ಟಪಟ್ಟು ಅವು ಹಿಡಿಯೋದು ಏನನ್ನ? ಪತಂಗ, ಜೀರುಂಡೆ, ಜಿಗಿಹುಳು, ಸೊಳ್ಳೆ. ಒಂದು ರಾತ್ರಿಗೆ ತನ್ನ ಮೈ ತೂಕದ ಅರ್ಧದಷ್ಟು ಹುಳ ತಿನ್ನೋದು ಎಷ್ಟೋ ಬಾವಲಿಗಳಿಗೆ ಮಾಮೂಲು, ಹಾಲು ಕೊಡೋ ತಾಯಿ ಇನ್ನೂ ಜಾಸ್ತಿ ತಿನ್ನತ್ತೆ. ಭತ್ತ ಬೆಳೆಯೋ ಕಡೆಯವರಿಗೆ ಜಿಗಿಹುಳು ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಗದ್ದೆ ಮಧ್ಯೆ ಸುಟ್ಟ ಹಾಗೆ ಮಚ್ಚೆ ಮಚ್ಚೆಯಾಗಿ ಒಣಗತ್ತೆ. ಥಾಯ್ಲೆಂಡಲ್ಲಿ ಗವಿಗಳಿಂದ ಸಂಜೆ ಹೊಗೆ ಥರ ಹೊರಡೋ ಒಂದು ಜಾತಿ ಬಾವಲಿ ಬಿಳಿಬೆನ್ನಿನ ಜಿಗಿಹುಳುವನ್ನೇ ಹಿಡಿದು ತಿಂದು ಭತ್ತ ಕಾಯ್ತವೆ ಅಂತ ಅಲ್ಲಿ ಅಧ್ಯಯನ ಆಗಿದೆ, ಆ ಜಾತಿ ಭಾರತದಲ್ಲೂ ಇದೆ.

ಬಾವಲಿ ಇಲ್ಲದೇ ಹೋದ್ರೆ ಏನಾಗತ್ತೆ ಅನ್ನೋದು ಊಹೆ ಮಾತಲ್ಲ, ಒಂದು ದೇಶ ಅನುಭವಿಸಿ ನೋಡಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಗವಿಯಲ್ಲಿ 2006ರಲ್ಲಿ ಮೊದಲ ಸಲ ಬಾವಲಿಗಳ ಮೂಗಿನ ಮೇಲೆ ಬಿಳೀ ಬೂಷ್ಟು ಕಾಣಿಸ್ತು, ಅದು ಗವಿಯಿಂದ ಗವಿಗೆ ಹಬ್ಬಿ ಲಕ್ಷಗಟ್ಟಲೆ ಬಾವಲಿಗಳು ಚಳಿಗಾಲದ ನಿದ್ದೆಯಲ್ಲೇ ಸತ್ತುಹೋದವು. ಆಮೇಲೆ ಏನಾಯ್ತು ಅಂತ ಲೆಕ್ಕ ಹಾಕಿದ ಅಧ್ಯಯನ 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಬಾವಲಿ ಸತ್ತ ಕಡೆ ಹುಳ ಜಾಸ್ತಿಯಾಯ್ತು, ರೈತರು ಕೀಟನಾಶಕ ಸುಮಾರು 31% ಜಾಸ್ತಿ ಹೊಡೆದ್ರು, ಆ ಕಡೆಗಳಲ್ಲಿ ಹುಟ್ಟಿದ ಒಂದು ವರ್ಷದೊಳಗಿನ ಮಕ್ಕಳ ಸಾವು ಸುಮಾರು 8% ಏರ್ತು. ಇದನ್ನ ಓದಿದಾಗಿಂದ ನನಗೆ ಬಾವಲಿ ಅಂದ್ರೆ ಬರೀ ಪ್ರಾಣಿ ಪಕ್ಷಿ ಪ್ರೀತಿ ವಿಷಯ ಅಂತ ಅನ್ಸಲ್ಲ. ಸದಸ್ಯರೇ, ನಿಮ್ಮೂರ ಗದ್ದೆ ತೋಟಕ್ಕೆ ವರ್ಷಕ್ಕೆ ಎಷ್ಟು ಲೀಟರ್ ಔಷಧಿ ಹೊಡೀತಾರೆ, ಆ ನೀರು ಯಾವ ಕೆರೆಗೆ ಹೋಗತ್ತೆ, ಆ ಕೆರೆ ನೀರು ಯಾರು ಕುಡೀತಾರೆ ಅಂತ ನಿಮಗೇ ಗೊತ್ತು.

ಹಣ್ಣುಬಾವಲಿಗಳ ಕೆಲಸ ಕಾಡು ಕಟ್ಟೋದು. ಆಲ, ಅರಳಿ, ಅತ್ತಿ, ನೇರಳೆ, ಹಿಪ್ಪೆ ಇವೆಲ್ಲದರ ಹಣ್ಣು ತಿಂತವೆ. ತಿನ್ನೋ ರೀತಿ ನೋಡೋಕೆ ಚೆಂದ, ಹಣ್ಣನ್ನ ಬಾಯಿಗೆ ಹಾಕ್ಕೊಂಡು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ಹಿಂಡಿ ರಸ ಕುಡಿದು ಸಿಪ್ಪೆ ನಾರಿನ ಉಂಡೆಯನ್ನ ಉಗುಳಿಬಿಡ್ತವೆ, ಸಣ್ಣ ಬೀಜಗಳು ರಸದ ಜೊತೆ ಹೊಟ್ಟೆಗೆ ಹೋಗಿ ಅರ್ಧ ಗಂಟೆಯೊಳಗೇ ಹೊರಗೆ ಬರ್ತವೆ. ಹಕ್ಕಿಗಳು ಹೆಚ್ಚಾಗಿ ಕೂತ ಕೊಂಬೆ ಕೆಳಗೇ ಬೀಜ ಬೀಳಿಸ್ತವೆ, ಬಾವಲಿ ಹಾರ್ತಾ ಹಾರ್ತಾ ಹಿಕ್ಕೆ ಹಾಕೋದ್ರಿಂದ ಮರವೇ ಇಲ್ಲದ ಬಯಲಿಗೆ, ಗೋಮಾಳಕ್ಕೆ, ಪಾಳುಬಿದ್ದ ಗಣಿ ಗುಂಡಿ ಪಕ್ಕಕ್ಕೂ ಬೀಜ ತಲುಪತ್ತೆ. ಯಾರೂ ನೆಡದ ಜಾಗದಲ್ಲಿ, ಬಂಡೆ ಸೀಳಲ್ಲಿ, ಕೋಟೆ ಗೋಡೆ ಮೇಲೆ ಅತ್ತಿಗಿಡ ಆಲದಗಿಡ ಹುಟ್ಟಿರತ್ತಲ್ಲ, ಹಕ್ಕಿಗಳ ಜೊತೆ ಇವುಗಳ ಪಾಲೂ ಅದರಲ್ಲಿದೆ. ಇನ್ನು ಬಿಳಿ ಬೂರುಗ ಥರದ ಮರಗಳು ರಾತ್ರಿ ಹೂ ಬಿಡೋದೇ ಇವು ಬರಲಿ ಅಂತ, ಮಕರಂದಕ್ಕೆ ಮೂತಿ ತೂರಿಸಿದಾಗ ಮುಖದ ತುಂಬಾ ಪರಾಗ ಅಂಟತ್ತೆ, ಮುಂದಿನ ಮರಕ್ಕೆ ಅದು ಪುಕ್ಕಟೆ ಸಾಗಾಣಿಕೆ. ಮಲೆನಾಡು ಕರಾವಳಿ ಅಡಿಕೆ ತೋಟದವರಿಗೆ ಗೊತ್ತಿರತ್ತೆ, ಹಣ್ಣಡಿಕೆಯ ಸಿಹಿ ಸಿಪ್ಪೆ ಚೀಪಿ ಅಡಿಕೆಯನ್ನ ಹಾಗೇ ಬಿಟ್ಟು ಹೋಗಿರತ್ತೆ, ಬೆಳಗ್ಗೆ ಹೋಗಿ ಮರದಡಿಯಿಂದ ಹೆಕ್ಕಿಕೊಂಡು ಬರ್ತಾರೆ, ಗೇರುಬೀಜದ್ದೂ ಹಾಗೇ.

ಹಾಗಂತ ರೈತರಿಗೆ ನಷ್ಟವೇ ಇಲ್ಲ ಅಂತ ನಾನು ಹೇಳಲ್ಲ. ದ್ರಾಕ್ಷಿ, ಸಪೋಟ, ಸೀಬೆ, ಮಾವು ಬೆಳೆದೋರಿಗೆ ಒಂದೊಂದು ರಾತ್ರಿ ಕಣ್ಣೀರು ಬರೋಷ್ಟು ಹಾಳು ಮಾಡ್ತವೆ, ಸಾಲ ಮಾಡಿ ಬೆಳೆದ ಹಣ್ಣು ಬೆಳಗ್ಗೆ ಅರ್ಧರ್ಧ ಕಚ್ಚಿ ಬಿದ್ದಿರೋದು ನೋಡೋ ಮನುಷ್ಯನಿಗೆ ಜೀವವೈವಿಧ್ಯದ ಪಾಠ ಹೇಳೋದು ಸರಿಯಲ್ಲ. ಅದಕ್ಕೆ ದಾರಿ ಬಲೆ, ಮರವನ್ನ ಪೂರ್ತಿ ಮುಚ್ಚೋ, ಸರಿಯಾಗಿ ಎಳೆದು ಕಟ್ಟಿದ, ಬಾವಲಿ ರೆಕ್ಕೆ ಸಿಕ್ಕಿಹಾಕ್ಕೊಳ್ಳದಷ್ಟು ಸಣ್ಣ ಕಣ್ಣಿನ ಬಲೆ. ಗೊಂಚಲಿಗೆ ಚೀಲ ಕಟ್ಟೋದೂ ನಡೆಯತ್ತೆ. ತೋಟಗಾರಿಕೆ ಇಲಾಖೆಯವರ ಹತ್ರ ಇದಕ್ಕೆ ಸಹಾಯ ಕೇಳೋದು ಪಂಚಾಯಿತಿ ಮಾಡಬಹುದಾದ ಕೆಲಸ, ಮರ ಕಡಿಯೋದಕ್ಕಿಂತ ಅದರಿಂದ ರೈತನಿಗೆ ನೇರ ಲಾಭ.

ಕೋಲಾರದ ಕತೆ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಕೋಲಾರ ಜಿಲ್ಲೆಯ ಹನುಮನಹಳ್ಳಿ ಅನ್ನೋ ಸಣ್ಣ ಊರಿನ ಬಂಡೆ ಗವಿಯಲ್ಲಿ ಎಲೆಮೂಗಿನ ಒಂದು ಬಾವಲಿ ಇದೆ, ವಿಜ್ಞಾನಿಗಳು ಅದನ್ನ ಹೊಸ ಜಾತಿ ಅಂತ ಗುರುತಿಸಿದ್ದು 1994ರಲ್ಲಿ, ಹೆಸರೇ ಕೋಲಾರ ಎಲೆಮೂಗಿನ ಬಾವಲಿ. ಮೂಗಿನ ಮೇಲೆ ಎಲೆ ಥರ ಮಡಿಕೆ ಮಡಿಕೆ ಚರ್ಮ ಇರತ್ತೆ, ಇದು ಕೂಗೋದು ಬಾಯಿಂದಲ್ಲ ಮೂಗಿಂದ, ಆ ಮಡಿಕೆಗಳು ಶಬ್ದವನ್ನ ಬೇಕಾದ ದಿಕ್ಕಿಗೆ ತಿರುಗಿಸ್ತವೆ. ಮೊದಲು ತೇರಹಳ್ಳಿ ಕಡೆ ಗವಿಯಲ್ಲೂ ಇತ್ತು, ಈಗ ಅಲ್ಲಿಲ್ಲ. ಈಗ ಇಡೀ ಪ್ರಪಂಚದಲ್ಲಿ ಇದು ಇದೆ ಅಂತ ಗೊತ್ತಿರೋದು ಹನುಮನಹಳ್ಳಿಯಲ್ಲಿ ಮಾತ್ರ, ಇನ್ನೂರಕ್ಕಿಂತ ಕಡಿಮೆ. ಹುಲಿ ನಮ್ಮ ರಾಜ್ಯ ಒಂದರಲ್ಲೇ ಅದಕ್ಕಿಂತ ಜಾಸ್ತಿ ಇವೆ. ಸುತ್ತ ಗ್ರಾನೈಟ್ ಕ್ವಾರಿ ನಡೀತಿತ್ತು, ಬಂಡೆ ಸಿಡಿಸೋ ಸದ್ದಿಗೆ ಗವಿಯೇ ಅದುರೋ ಸ್ಥಿತಿ, ಆಮೇಲೆ ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್‌ನವರು ಅರಣ್ಯ ಇಲಾಖೆ ಜೊತೆ ಸೇರಿ ಓಡಾಡಿ, ಗಣಿಗಾರಿಕೆ ನಿಲ್ಲಿಸಿ, ಗವಿ ಸುತ್ತ ಸುಮಾರು 30 ಎಕರೆಗೆ ರಕ್ಷಣೆ ಕೊಡಿಸಿದ್ರು. ನಮ್ಮ ರಾಜ್ಯದ ಇನ್ನೊಂದು ಮೂಲೆಯಲ್ಲಿ, ಬೆಳಗಾವಿ ಕಡೆ ಭೀಮಗಡದ ಬಾರಾಪೇಡೆ ಗವಿಗಳಲ್ಲಿ ರೌಟನ್‌ನ ಬಿಡಿಬಾಲದ ಬಾವಲಿ ಅಂತ ಇದೆ, ಅದೂ ತೀರಾ ಅಪರೂಪದ್ದು, ಆ ಕಾಡು 2011ರಲ್ಲಿ ವನ್ಯಜೀವಿಧಾಮ ಆಯ್ತು. ಕೋಲಾರದ ಮಕ್ಕಳೇ, ನಿಮ್ಮ ಜಿಲ್ಲೆ ಅಂದ್ರೆ ಚಿನ್ನದ ಗಣಿ ಅಂತ ಎಲ್ಲರೂ ಹೇಳ್ತಾರೆ, ಬೇರೆಲ್ಲೂ ಇಲ್ಲದ ಒಂದು ಜೀವ ನಿಮ್ಮಲ್ಲಿದೆ ಅನ್ನೋದನ್ನೂ ಹೇಳ್ಕೊಳ್ಳಿ.

ಈಗ ಭಯದ ವಿಷಯ. ನಿಫಾ ವೈರಸ್ ದೊಡ್ಡ ಹಣ್ಣುಬಾವಲಿಗಳಲ್ಲಿ ಇರತ್ತೆ, ನಿಜ. 2018ರಲ್ಲಿ ಕೋಯಿಕ್ಕೋಡ್ ಕಡೆ 17 ಜನ ತೀರಿಕೊಂಡ್ರು, ಅವರಲ್ಲಿ ಹೆಚ್ಚಿನವರಿಗೆ ರೋಗ ತಗುಲಿದ್ದು ಮೊದಲ ರೋಗಿಯಿಂದ, ಆಸ್ಪತ್ರೆಗಳಲ್ಲಿ, ಮನುಷ್ಯರಿಂದ ಮನುಷ್ಯರಿಗೆ. ಬಾಂಗ್ಲಾದೇಶದಲ್ಲಿ ಖರ್ಜೂರದ ಮರದಿಂದ ರಾತ್ರಿ ಇಳಿಸೋ ಹಸಿ ರಸವನ್ನ ಬಾವಲಿ ನೆಕ್ಕಿದ ಮೇಲೆ ಕುಡಿದೋರಿಗೆ ಬಂತು, ಅಲ್ಲಿ ಗಡಿಗೆ ಬಾಯಿಗೆ ಬಿದಿರಿನ ತಟ್ಟಿ ಕಟ್ಟೋಕೆ ಜನಕ್ಕೆ ಕಲಿಸ್ತಿದಾರೆ. ಹಾಗಾದ್ರೆ ಬಾವಲಿಗಳನ್ನೇ ಮುಗಿಸಿಬಿಟ್ರೆ ಆಯ್ತಲ್ಲ ಅಂತ ಅರ್ಜಿ ಹಾಕೋರು ಕೇಳ್ತಾರೆ. ಅದನ್ನೂ ಒಂದು ಕಡೆ ಮಾಡಿ ನೋಡಿದಾರೆ. ಉಗಾಂಡಾದ ಕಿಟಾಕಾ ಗಣಿಯಲ್ಲಿ 2007ರಲ್ಲಿ ಕಾರ್ಮಿಕರಿಗೆ ಮಾರ್ಬರ್ಗ್ ಅನ್ನೋ ಕಾಯಿಲೆ ಬಂತು, ಅದು ಅಲ್ಲಿನ ಹಣ್ಣುಬಾವಲಿಗಳಿಂದ ಬರೋದು. ಗಣಿಯವರು ಮರುವರ್ಷ ಬಲೆ ಹಾಕಿ ಗಣಿ ಬಾಯಿ ಮುಚ್ಚಿ ಅಷ್ಟೂ ಬಾವಲಿಗಳನ್ನ ಸಾಯಿಸಿದ್ರು. ನಾಲ್ಕು ವರ್ಷ ಆದ ಮೇಲೆ ಬೇರೆ ಕಡೆಯಿಂದ ಒಂದಿಷ್ಟು ಬಾವಲಿಗಳು ಬಂದು ಸೇರ್ಕೊಂಡವು, ಮೊದಲು ನೂರಕ್ಕೆ ಐದರಲ್ಲಿ ವೈರಸ್ ಇದ್ರೆ ಈಗ ನೂರಕ್ಕೆ ಹದಿಮೂರರಲ್ಲಿ ಸಿಕ್ತು, 2012ರಲ್ಲಿ ಹತ್ತಿರದ ಪಟ್ಟಣದಲ್ಲಿ ಮತ್ತೆ ರೋಗ ಬಂತು. ಯಾಕೆ ಅಂದ್ರೆ ಹಳೇ ಗುಂಪಲ್ಲಿ ರೋಗ ಬಂದು ಹೋಗಿ ಶಕ್ತಿ ಬೆಳೆಸಿಕೊಂಡಿದ್ದ ಬಾವಲಿಗಳೇ ಜಾಸ್ತಿ ಇರ್ತವೆ, ಅವನ್ನೆಲ್ಲಾ ಸಾಯಿಸಿದ ಜಾಗಕ್ಕೆ ಎಳೇ ಬಾವಲಿಗಳು ಬಂದು ತುಂಬ್ಕೊಂಡ್ರೆ ವೈರಸ್‌ಗೆ ಹೊಸ ಮೈ ಸಿಗತ್ತೆ. ಅರ್ಜಿಗೆ ಸಹಿ ಹಾಕೋ ಮುಂಚೆ ದಯವಿಟ್ಟು ಈ ಒಂದು ಘಟನೆಯನ್ನ ಓದಿ ಹೇಳಿ ಅಂತ ಪಿಡಿಒ ಅವರಲ್ಲಿ ಕೇಳ್ಕೊಳ್ತೀನಿ. ಮರ ಕಡಿದ್ರೂ ಅಷ್ಟೇ, ಬಾವಲಿ ಮಾಯ ಆಗಲ್ಲ, ಚದುರಿ ಹತ್ತು ಮನೆಗಳ ಹಿತ್ತಿಲಿಗೆ ಬರತ್ತೆ, ಹಸಿವು ಗಾಬರಿಯಲ್ಲಿರೋ ಬಾವಲಿ ವೈರಸ್ ಹೊರಹಾಕೋದೂ ಜಾಸ್ತಿ.

2020ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಗೋರಖ್‌ಪುರದಲ್ಲಿ ಮರದ ಕೆಳಗೆ ಬಾವಲಿಗಳು ಸತ್ತು ಬಿದ್ದಿದ್ದು ನೋಡಿ ಜನ ಕೊರೋನಾ ಅಂತ ಹೆದರಿದ್ರು, ಬರೇಲಿಯ ಪಶು ಸಂಶೋಧನಾ ಸಂಸ್ಥೆಯವರು ಪರೀಕ್ಷೆ ಮಾಡಿದ್ರೆ ಕೊರೋನಾನೂ ಇಲ್ಲ ರೇಬಿಸೂ ಇಲ್ಲ, ಬಿಸಿಲ ಝಳಕ್ಕೆ ಮೆದುಳಲ್ಲಿ ರಕ್ತಸ್ರಾವ ಆಗಿ ಸತ್ತಿದ್ವು. ನಮ್ಮ ಕಲಬುರಗಿ ರಾಯಚೂರು ಕಡೆ ಬೇಸಿಗೆ ನೆನೆಸ್ಕೊಂಡ್ರೆ ಈ ವಿಷಯ ಹತ್ತಿರದ್ದೇ. ಮರದ ಹತ್ತಿರ ನೀರಿರೋ ಕೆರೆ ಕುಂಟೆ ಉಳಿಸೋದು ಕೂಡ ಇದೇ ಕೆಲಸದ ಭಾಗ.

ಮಕ್ಕಳು ಪಾಲಿಸಬೇಕಾದ್ದು ಹೆಚ್ಚೇನಿಲ್ಲ. ಕಚ್ಚಿದ ಗುರುತಿರೋ, ಉದುರಿಬಿದ್ದ ಹಣ್ಣು ತಿನ್ನಬೇಡಿ, ಬೇರೆ ಹಣ್ಣನ್ನೂ ಚೆನ್ನಾಗಿ ತೊಳೆದು ತಿನ್ನಿ. ನೆಲಕ್ಕೆ ಬಿದ್ದ ಬಾವಲಿಯನ್ನ, ಮರಿಯೇ ಆಗಿರಲಿ, ಬರಿಗೈಲಿ ಮುಟ್ಟಬೇಡಿ, ದೊಡ್ಡವರಿಗೆ ಹೇಳಿ ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದ್ರೆ ಅಥವಾ ಪರಚಿದ್ರೆ ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ, ಮುಚ್ಚಿಡಬೇಡಿ. ಮನೆಯೊಳಗೆ ಬಂದುಬಿಟ್ರೆ ಪೊರಕೆ ಹಿಡಿದು ಹೊಡೆಯೋದು ಬೇಡ, ಫ್ಯಾನ್ ಆಫ್ ಮಾಡಿ, ಲೈಟ್ ಆರಿಸಿ, ಕಿಟಕಿ ಬಾಗಿಲು ತೆಗೆದು ಸುಮ್ನೆ ಹೊರಗೆ ನಿಲ್ಲಿ, ಅದೇ ಹೋಗತ್ತೆ. ಅಪಶಕುನವೂ ಅಲ್ಲ, ರಕ್ತವೂ ಕುಡಿಯಲ್ಲ. ರಕ್ತ ಕುಡಿಯೋವು ಮೂರೇ ಜಾತಿ, ಮೆಕ್ಸಿಕೋದಿಂದ ಕೆಳಗೆ ದಕ್ಷಿಣ ಅಮೆರಿಕದವರೆಗೆ ಮಾತ್ರ ಇರೋದು. ನಮ್ಮ ಹಳೇ ಗುಡಿಗಳಲ್ಲಿ ಇರೋ ದೊಡ್ಡ ಕಿವಿಯ ಒಂದು ಜಾತಿ ಕಪ್ಪೆ, ಇಲಿ, ಹಲ್ಲಿ ಹಿಡಿದು ತಿನ್ನತ್ತೆ, ಅಷ್ಟೇ.

ಅಧ್ಯಕ್ಷರೇ, ಸದಸ್ಯರೇ, ಕಾನೂನಿನ ಮಾತು ಒಂದೆರಡು ಹೇಳಿ ಬಿಡ್ತೀನಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬಹಳ ವರ್ಷ ಹಣ್ಣುಬಾವಲಿಗಳು ಇಲಿ ಹೆಗ್ಗಣ ಕಾಗೆ ಜೊತೆ ಪೀಡಕ ಪ್ರಾಣಿಗಳ ಪಟ್ಟಿಯಲ್ಲಿದ್ವು, ಯಾರು ಬೇಕಾದ್ರೂ ಕೊಲ್ಲಬಹುದಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದಾರೆ, 2023ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ, ದೊಡ್ಡ ಹಣ್ಣುಬಾವಲಿ ಈಗ ರಕ್ಷಿತ ಪ್ರಾಣಿ. ಮರ ಕಡಿಯೋಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು ಅನ್ನೋದು ನಿಮಗೆ ಗೊತ್ತಿರೋದೇ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವವೈವಿಧ್ಯ ದಾಖಲಾತಿ ಪುಸ್ತಕ ಇರಬೇಕು. ಎಷ್ಟೋ ಕಡೆ ಆ ಪುಸ್ತಕ ಒಂದು ಸಲ ಬರೆದು ಬೀರುವಿಗೆ ಹೋಗಿರತ್ತೆ.

ಮಕ್ಕಳೇ, ಸಭೆಯಲ್ಲಿ ಎದ್ದು ನಿಂತು ಆ ಪುಸ್ತಕ ತರಿಸಿ ಅಂತ ಕೇಳಿ. ಅದರಲ್ಲಿ ನಿಮ್ಮೂರ ಬಾವಲಿ ಮರ ಇದ್ಯಾ ನೋಡಿ. ಇಲ್ಲಾಂದ್ರೆ ಯಾವ ಜಾತಿ ಮರ, ಸರ್ವೆ ನಂಬರ್ ಎಷ್ಟು, ಬಾವಲಿಗಳು ಯಾವಾಗಿಂದ ಇವೆ ಅಂತ ಊರಿನ ಅಜ್ಜ ಅಜ್ಜಿಯರನ್ನ ಕೇಳಿ ಬರ್ಕೊಂಡು ಹೋಗಿ ಸೇರಿಸೋಕೆ ಹೇಳಿ. ಸಂಜೆ ಮರದಿಂದ ಹೊರಡೋವಾಗ ದೂರದಲ್ಲಿ ನಿಂತು ಎಣಿಸಿದ್ರೆ ಅಂದಾಜು ಸಂಖ್ಯೆ ಸಿಗತ್ತೆ, ಮೇಷ್ಟ್ರು ಜೊತೆಗಿರಲಿ, ಅದನ್ನೂ ಬರೆಸಿ. ಆ ಮರದ ಹತ್ತಿರ ಪಟಾಕಿ ಹೊಡೆಯಲ್ಲ, ಬುಡದಲ್ಲಿ ಕಸ ಸುಡಲ್ಲ, ಫ್ಲಡ್‌ಲೈಟ್ ಹಾಕಲ್ಲ, ಕೊಂಬೆ ಸವರೋದೇ ಆದ್ರೂ ಮರಿ ಇರೋ ತಿಂಗಳಲ್ಲಿ ಸವರಲ್ಲ ಅಂತ ನಿರ್ಣಯ ಮಾಡ್ಸಿ. ಪಿಡಿಒ ಅವರೇ, ಇದನ್ನ ನಡಾವಳಿ ಪುಸ್ತಕದಲ್ಲಿ ಬರೆದು ಮಕ್ಕಳ ಎದುರೇ ಓದಿ ಹೇಳಿ, ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಏನಾಯ್ತು ಅಂತ ಅವರು ಕೇಳಿದಾಗ ಉತ್ತರ ನಿಮ್ಮ ಹತ್ರ ಇರಲಿ.

ಇಂತಿ ನಿಮ್ಮ ವಿಶ್ವಾಸಿ,
ಹಳ್ಳಿ ಶಾಲೆಯ ಒಬ್ಬ ವಿಜ್ಞಾನ ಮೇಷ್ಟ್ರು